ಕೆಳಗಿನ ಬಳೆ

ಮಾರ್ಚ್ 3, ಸೋಮವಾರ

ದಂತವೈದ್ಯೆಯ ಕ್ಲಿನಿಕ್. ಒಳಬಾಗಿಲು 2032 × 813. ಚೌಕಟ್ಟು ಮೇಲ್ಗಡೆ ಮೂರು ಮಿಲಿ ಸೊಟ್ಟ. ಗಾರೆಯವನ ಕೃಪೆ. ಹತ್ತರಿ ಹಿಡಿದು ಬಾಗಿಲನ್ನೂ ಅಷ್ಟೇ ಸೊಟ್ಟ ಮಾಡಿದೆ. ಈಗ ಎರಡೂ ನೆಟ್ಟಗೆ ಕಾಣುತ್ತವೆ. ಪೇಷಂಟ್ ಕುರ್ಚಿಯ ಮೇಲೆ ಬರುವ ಗೋಡೆ ಕಪಾಟಿನ ಅಳತೆ ನಾಳೆ.

ಮಧ್ಯಾಹ್ನ ಅಕ್ಕ ಅಂಗಡಿಗೆ ಬಂದಳು. ಕಾರಿನ ಹಿಂದಿನ ಸೀಟಿನಲ್ಲಿ ಅವಳ ಹಾಯಿದೋಣಿಯ ಚುಕ್ಕಾಣಿ. ಕೆಳಗೆ ಟವೆಲ್ ಹಾಸಿ ಮಲಗಿಸಿದ್ದಳು. ಬಂಡೆಗೆ ತಾಗಿ ತುದಿ ಒಡೆದಿದೆ. ಪ್ಲೈವುಡ್ ಪದರ ಪದರವಾಗಿ ಬಿಟ್ಟಿದೆ.

"ಹದಿನಾರಕ್ಕೆ ರೇಸ್ ಇದೆ. ಅಷ್ಟರೊಳಗೆ ಆಗುತ್ತೇನೋ?"

"ಬಾಗಿಲು ಮಾಡೋನಿಗೆ ಇದೊಂದು ಹಲಗೆ ದೊಡ್ಡದಾ?"

"ಆಗದಿದ್ರೆ ಬಿಡು. ಮುಂದಿನ ತಿಂಗಳು ಇನ್ನೊಂದಿದೆ. ಅವಸರ ಮಾಡ್ಬೇಡ."

ಮೇ ತಿಂಗಳಿಂದ ಹೊಸಬರಿಗೆ ದೋಣಿ ಕಲಿಸುವ ಕೆಲಸವನ್ನು ಹಾಯಿದೋಣಿ ಸಂಘದವರು ಅಕ್ಕನಿಗೆ ಕೊಟ್ಟಿದ್ದಾರೆ. ಅರವತ್ತನಾಲ್ಕನೇ ವಯಸ್ಸಿಗೆ ಟೀಚರ್. ಸೀಟಿ ಕೂಡ ಕೊಂಡಾಗಿದೆ. ಅಂಗಡಿಯೊಳಗೇ ಊದಿ ತೋರಿಸಿದಳು, ಪಕ್ಕದ ಸೈಕಲ್ ರಿಪೇರಿಯವನು ಓಡಿ ಬಂದ.

ಮಾರ್ಚ್ 5, ಬುಧವಾರ

ಚುಕ್ಕಾಣಿಯ ಹಳೇ ವಾರ್ನಿಶ್ ಕೆರೆದೆ. ತುದಿಯಿಂದ ಒಂದು ಗೇಣು ಕೊಳೆತಿದೆ. ಉಳಿ ಇಟ್ಟರೆ ಬೆಣ್ಣೆಗೆ ಇಟ್ಟ ಹಾಗೆ ಇಳಿಯಿತು. ಕೊಳೆತಷ್ಟನ್ನೂ ಓರೆಯಾಗಿ ಕತ್ತರಿಸಿ ಹೊಸ ತುಂಡು ಕೂಡಿಸಬೇಕು. ಮೊದಲು ನೀರು ಆರಲಿ, ಐದು ದಿನ.

ದೋಣಿಮನೆಯಿಂದ ಹಗ್ಗದ ಮೇಷ್ಟ್ರ ಫೋನ್. ಶಾಲೆಯಿಂದ ರಿಟೈರ್ ಆದವರು, ಈಗ ಸಂಘದ ದೋಣಿಗಳನ್ನು ನೋಡಿಕೊಳ್ಳುತ್ತಾರೆ, ಹೋದವರಿಗೆ ಬಂದವರಿಗೆ ಗಂಟು ಹಾಕಲು ಕಲಿಸುತ್ತಾರೆ. ದೋಣಿಯ ಹಿಂಬದಿ ಹಲಗೆಯಲ್ಲಿ ಮೇಲೊಂದು ಕೆಳಗೊಂದು ಬಳೆ ಇದೆಯಂತೆ, ಚುಕ್ಕಾಣಿಯ ಗೂಟಗಳು ಅದರೊಳಗೆ ಕೂರುತ್ತವಂತೆ. ಕೆಳಗಿನ ಬಳೆ ಅಲ್ಲಾಡುತ್ತಿದೆ, ಸ್ಕ್ರೂ ತೂತು ಅಗಲವಾಗಿದೆ, ಬಂದು ನೋಡಿ, ಅದಕ್ಕೂ ಟೈಮ್ ಬೇಕು ಎಂದರು. ಆಯ್ತು ಸಾರ್ ಎಂದೆ. ಬಳೆಯಂತೆ, ಗೂಟವಂತೆ. ಹಿಂಜ್ ಎಂದರೆ ಮುಗಿಯಿತಲ್ಲ. ಮೂವತ್ತೈದು ವರ್ಷದಿಂದ ಹಿಂಜ್ ಕೂರಿಸುತ್ತಿದ್ದೇನೆ, ನನಗೇ ಪಾಠ.

ಮಾರ್ಚ್ 10, ಸೋಮವಾರ

ಹೊಸ ತುಂಡು ಕೂಡಿಸಿದೆ. ಎಪಾಕ್ಸಿ ಅಂಟು, ಆರು ಕ್ಲಾಂಪ್. ಬೆಳಕಿಗೆ ಹಿಡಿದರೆ ಕೂಡಿದ ಗೆರೆ ಕೂದಲಿಗಿಂತ ಸಣ್ಣ. ನನ್ನ ಕೆಲಸ ನಾನೇ ಹೊಗಳಿಕೊಳ್ಳಬಾರದು. ಆದರೆ ಇನ್ಯಾರು ಹೊಗಳುತ್ತಾರೆ? ನನ್ನ ಹೆಂಡತಿ ಬಂದು ನೋಡಿ, "ಇಷ್ಟು ನೀಟಾಗಿ ನಮ್ಮ ಅಡುಗೆಮನೆ ಡ್ರಾಯರ್ ಮಾಡಿದ್ರೆ ಆಗ್ತಿರ್ಲಿಲ್ವಾ ರೀ" ಎಂದಳು. ಆ ಡ್ರಾಯರ್ ಮೂರು ವರ್ಷದಿಂದ ಸಿಕ್ಕಿಕೊಂಡಿದೆ, ನಿಜ.

ಈ ಅಳತೆ ಪುಸ್ತಕದಲ್ಲಿ ಅಳತೆಗಿಂತ ಬೇರೆಯದೇ ಹೆಚ್ಚಾಗುತ್ತಿದೆ. ಇರಲಿ. ನನ್ನ ಅಕ್ಷರ ಇವಳಿಗೆ ಓದಲು ಬರುವುದಿಲ್ಲ. ಅದೇ ಬೀಗ.

ಮಾರ್ಚ್ 13, ಗುರುವಾರ

ವಾರ್ನಿಶ್ ನಾಲ್ಕನೇ ಕೋಟ್. ಮೂರು ಸಾಕಿತ್ತು. ಮೂರನೆಯದಕ್ಕೇ ಮುಖ ಕಾಣುತ್ತಿತ್ತು, ನಾಲ್ಕನೆಯದಕ್ಕೆ ಮೀಸೆಯ ಬಿಳಿಕೂದಲನ್ನೂ ಎಣಿಸಬಹುದು.

ಮೇಷ್ಟ್ರು ಮತ್ತೆ ಫೋನ್ ಮಾಡಿದರು. "ಇವತ್ತಾದ್ರೂ ಬನ್ನಿ. ತೂತು ದೊಡ್ಡದು ಮಾಡಿ ಎಪಾಕ್ಸಿ ತುಂಬಿ ಎರಡು ದಿನ ಬಿಡ್ಬೇಕು. ಆಮೇಲೆ ಬೋಲ್ಟ್." ನಾಳೆ ಎಂದೆ. ಹಸಿ ವಾರ್ನಿಶ್ ಬಿಟ್ಟು ಎಲ್ಲಿಗೆ ಹೋಗುವುದು, ಧೂಳು ಕೂರುತ್ತದೆ.

ಮಾರ್ಚ್ 15, ಶನಿವಾರ

ಚುಕ್ಕಾಣಿ ಕೂರಿಸಿದೆ. ಕೆಳಗಿನ ಬಳೆಗೆ ನಾಲ್ಕು ಸ್ಕ್ರೂ. ಗಟ್ಟಿ.

ಮೇಷ್ಟ್ರು ಊಟಕ್ಕೆ ಹೋಗಿದ್ದರು.

ಅಕ್ಕ ಚುಕ್ಕಾಣಿಯ ಮೇಲೆ ಕೈಯಾಡಿಸಿ, "ಇದನ್ನ ನೀರಿಗೆ ಹಾಕೋಕೇ ಮನಸ್ಸು ಬರಲ್ಲ ಕಣೋ" ಎಂದಳು.

ಮಾರ್ಚ್ 16, ಭಾನುವಾರ, ಸಂಜೆ 7

ದಂತವೈದ್ಯೆಯ ಬಲ ಮಣಿಕಟ್ಟು ಮುರಿದಿದೆ. ಅಕ್ಕನಿಗೆ ಹುಬ್ಬಿನ ಮೇಲೆ ಮೂರು ಹೊಲಿಗೆ. ಇಬ್ಬರೂ ಅವರವರ ಮನೆ ಸೇರಿದ್ದಾರೆ.

ಇಷ್ಟೇ.

ಮಾರ್ಚ್ 19, ಬುಧವಾರ

ಮೂರು ದಿನ ಅಂಗಡಿ ತೆರೆದಿದ್ದೇನೆ, ಮುಚ್ಚಿದ್ದೇನೆ. ಬೇರೇನೂ ಮಾಡಿಲ್ಲ. ಆದದ್ದನ್ನು ಆದ ಹಾಗೆ ಬರೆದುಬಿಡುತ್ತೇನೆ.

ದಡದಲ್ಲಿ ನಿಂತು ನೋಡುತ್ತಿದ್ದೆ. ಹನ್ನೊಂದು ದೋಣಿ. ಅಕ್ಕನದು ಮೂರನೆಯದು. ಅವಳು ಹಿಂದೆ ಚುಕ್ಕಾಣಿಯ ಹಿಡಿ ಹಿಡಿದು ಕೂತಿದ್ದಳು, ದಂತವೈದ್ಯೆ ಮುಂದೆ ಹಾಯಿಯ ಹಗ್ಗ ಹಿಡಿದಿದ್ದರು. ಇಬ್ಬರದೂ ನಾಲ್ಕು ವರ್ಷದ ಜೋಡಿ. ಕೊಲ್ಲಿಯ ಬಾಯಲ್ಲಿ ಅಲೆತಡೆ ಗೋಡೆ ಇದೆಯಲ್ಲ, ಅದರ ಹತ್ತಿರ ಹೋಗಿ ತಿರುಗಬೇಕು. ಉಳಿದವರೆಲ್ಲ ತಿರುಗಿದರು. ಅಕ್ಕನ ದೋಣಿ ತಿರುಗಲಿಲ್ಲ. ಗಾಳಿ ಒಂದು ಸಲ ಜೋರಾಗಿ ಹೊಡೆಯಿತು, ದೋಣಿ ಅಡ್ಡಾದಿಡ್ಡಿ ಸುತ್ತಿ, ಹಿಂಭಾಗ ಕಲ್ಲಿಗೆ ಬಡಿಯಿತು. ಸದ್ದು ದಡದವರೆಗೂ ಕೇಳಿತು.

ಎಲ್ಲರ ಬಾಯಲ್ಲೂ ಒಂದೇ ಮಾತು. ಅಕ್ಕನ ಕೈ ತಪ್ಪಿತು. ಚುಕ್ಕಾಣಿ ಕಲ್ಲಿಗೆ ಬಡಿದು ಕಿತ್ತುಹೋಯಿತು. ಸಂಘದ ಕಾರ್ಯದರ್ಶಿ ನನ್ನ ಹೆಗಲ ಮೇಲೆ ಕೈಯಿಟ್ಟು, "ಅಷ್ಟು ಚೆನ್ನಾಗಿ ಮಾಡಿಕೊಟ್ಟಿದ್ರಿ, ಪಾಪ" ಎಂದರು. ಪಾಪ ಅಂದದ್ದು ನನಗೆ.

ಅಕ್ಕ ಟವೆಲ್ ಹೊದ್ದು ಮೆಟ್ಟಿಲ ಮೇಲೆ ಕೂತಿದ್ದಳು. ಹುಬ್ಬಿನಿಂದ ರಕ್ತ. ಬಲಗೈಯನ್ನೇ ನೋಡಿಕೊಳ್ಳುತ್ತಿದ್ದಳು. "ಹಿಡಿ ಕೈಯಲ್ಲೇ ಇತ್ತು. ಇದ್ದಕ್ಕಿದ್ದ ಹಾಗೆ ಭಾರವೇ ಇಲ್ಲ. ಕೈಯಲ್ಲಿ ಏನೂ ಇಲ್ಲದ ಹಾಗೆ ಆಯ್ತು ಕಣೋ."

ನನಗೆ ಆಗಲೇ ಗೊತ್ತಾಯಿತು.

ಮಾರ್ಚ್ 21, ಶುಕ್ರವಾರ

ದೋಣಿಮನೆಗೆ ಹೋದೆ. ಹೋಗದೆ ಇರಲು ಐದು ದಿನ ಐದು ನೆಪ ಹುಡುಕಿದ್ದೆ, ಆರನೆಯದು ಸಿಗಲಿಲ್ಲ.

ಶನಿವಾರದ ಪುಟದಲ್ಲಿ 'ಗಟ್ಟಿ' ಎಂದು ಬರೆದಿದ್ದೇನೆ. ಯಾರೂ ಓದದ ಪುಸ್ತಕಕ್ಕೂ ಸುಳ್ಳು ಹೇಳುವ ಜಾತಿ ನಾನು. ಅವತ್ತು ಮಾಡಿದ್ದು ಇಷ್ಟು: ಹಳೇ ಸ್ಕ್ರೂ ಬಿಚ್ಚಿದೆ. ತೂತುಗಳು ಕಿರುಬೆರಳು ಹೋಗುವಷ್ಟು ಅಗಲ, ಒಳಗೆ ಮರ ಒದ್ದೆ. ಎಪಾಕ್ಸಿ ತುಂಬಿದರೆ ಎರಡು ದಿನ. ಮಾರನೇ ದಿನವೇ ರೇಸ್. ಬೋಲ್ಟ್ ಹಾಕಬೇಕೆಂದರೆ ದೋಣಿ ಮುಳುಗದಂತೆ ಒಳಗಿರುವ ಗಾಳಿಪೆಟ್ಟಿಗೆಯ ಮುಚ್ಚಳ ತೆಗೆದು, ತೋಳು ತೂರಿಸಿ, ಕಾಣದ ಜಾಗದಲ್ಲಿ ನಟ್ ಹಿಡಿಯಬೇಕು. ಕಿಸೆಯಲ್ಲಿ ಬೆಂಕಿಪೊಟ್ಟಣ ಇತ್ತು. ಹಳೇ ಬಾಗಿಲಿನ ಹಿಂಜ್ ಸಡಿಲವಾದರೆ ನಾವೆಲ್ಲ ಮಾಡುವುದು ಅದನ್ನೇ: ತೂತಿಗೆ ಬೆಂಕಿಕಡ್ಡಿ ತುರುಕಿ, ಬಿಳಿ ಗೋಂದು ಬಿಟ್ಟು, ಅದರ ಮೇಲೆ ಸ್ಕ್ರೂ. ಬಾಗಿಲು ಇಪ್ಪತ್ತು ವರ್ಷ ನಿಲ್ಲುತ್ತದೆ. ನಾಲ್ಕು ತೂತಿಗೂ ತುರುಕಿದೆ. ಮೇಲೆ ಬಣ್ಣ ಬಳಿದು ತಿಪ್ಪೆ ಸಾರಿಸಿದೆ. ಮೇಷ್ಟ್ರು ಊಟ ಮುಗಿಸಿ ಬರುವಷ್ಟರಲ್ಲಿ ಕೈ ತೊಳೆದಾಗಿತ್ತು.

ಬಾಗಿಲು ನೀರಿನಲ್ಲಿ ಈಜುವುದಿಲ್ಲ ಎಂಬುದು ಹೊಳೆಯಲಿಲ್ಲವೇ? ಹೊಳೆದಿತ್ತು. ಹೊಳೆದದ್ದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ಭಾನುವಾರಕ್ಕೆ ತಡೆದೀತು, ಆಮೇಲೆ ಸರಿಯಾಗಿ ಮಾಡೋಣ ಎಂದುಕೊಂಡೆ. ರೇಸ್ ಬಿಟ್ಟರೂ ಬಿಡುತ್ತೇನೆ ಎಂದು ಅವಳೇ ಹೇಳಿದ್ದಳು. ಆಗಲಿಲ್ಲ ಅಕ್ಕ ಎಂದು ಒಂದು ಮಾತು ಹೇಳಲು ನನ್ನ ನಾಲಿಗೆ ಏಳಲಿಲ್ಲ. ಎರಡು ದಿನ ಇತ್ತು ಕೂಡ. ಆ ಎರಡು ದಿನವನ್ನು ವಾರ್ನಿಶ್‌ನ ನಾಲ್ಕನೇ ಕೋಟ್‌ಗೆ ಕೊಟ್ಟೆ.

ದೋಣಿಯನ್ನು ಹಿಂಭಾಗ ಬೆಳಕಿಗೆ ಬರುವ ಹಾಗೆ ಎರಡು ಮರದ ಸ್ಟ್ಯಾಂಡ್‌ಗಳ ಮೇಲೆ ಇಟ್ಟಿದ್ದರು. ಮೇಲಿನ ಬಳೆ ಬಗ್ಗಿದೆ, ಇದೆ. ಕೆಳಗಿನದು ಇಲ್ಲ. ನಾಲ್ಕು ತೂತು. ಒಂದರಲ್ಲಿ ಬೆಂಕಿಕಡ್ಡಿ ಅರ್ಧ ಹೊರಗೆ ಬಂದಿತ್ತು. ಅವಸರದಲ್ಲಿ ಅದರ ತಲೆ ಮುರಿದಿರಲಿಲ್ಲ. ಕೆಂಪು ಮದ್ದು ನೀರಿಗೆ ಕರಗಿ ಹಲಗೆಯ ಮೇಲೆ ಇಳಿದಿತ್ತು.

ಮೇಷ್ಟ್ರು ಪಕ್ಕದಲ್ಲಿ ನಿಂತು ಹಗ್ಗ ಸುತ್ತುತ್ತಿದ್ದರು. ಕೈ ನಿಲ್ಲಿಸದೆ ಹೇಳಿದರು. "ಕಲ್ಲಿಗೆ ಬಡಿದು ಕಿತ್ತಿದ್ರೆ ಮರ ಸೀಳ್ತಿತ್ತು. ಇದು ಸೀಳಿಲ್ಲ. ಜಾರಿ ಬಂದಿದೆ."

ಹಲಗೆಯ ಮೇಲಿನ ಕೆಂಪನ್ನು ಹೆಬ್ಬೆರಳಿಂದ ಒರೆಸಿದೆ.

"ನಾನು ಯಾರಿಗೂ ಹೇಳೋದಿಲ್ಲ. ಹೇಳೋದು ನನ್ನ ಕೆಲಸ ಅಲ್ಲ."

ಬೈದಿದ್ದರೆ ಒಳ್ಳೆಯದಿತ್ತು. ಬೈಗುಳಕ್ಕೆ ನನ್ನ ಹತ್ತಿರ ಉತ್ತರ ಇತ್ತು. ರಿಪೇರಿಗೆ ಎಂದು ಹೇಳಿ ಟ್ರೇಲರ್ ಮೇಲೆ ದೋಣಿಯನ್ನು ಅಂಗಡಿಗೆ ತಂದೆ. ಆ ತೂತುಗಳಿದ್ದ ಜಾಗವನ್ನು ಚೌಕವಾಗಿ ಕತ್ತರಿಸಿ ತೆಗೆದೆ. ಒಲೆಗೆ ಹಾಕಬೇಕೆಂದಿದ್ದೆ. ಹಾಕಲಿಲ್ಲ. ಹಲಗೆಗಳ ಹಿಂದೆ ಇಟ್ಟಿದ್ದೇನೆ.

ಮಾರ್ಚ್ 27, ಗುರುವಾರ

ಕ್ಲಿನಿಕ್. ಗೋಡೆ ಕಪಾಟು ಕೂರಿಸಿದೆ. 1200 × 600 × 300. ಲೆವೆಲ್ ಸರಿ.

ದಂತವೈದ್ಯೆ ಕೈಗೆ ಪ್ಲಾಸ್ಟರ್ ಹಾಕಿಕೊಂಡು ಪೇಷಂಟ್ ಕುರ್ಚಿಯಲ್ಲೇ ಕೂತಿದ್ದರು. ಆರು ವಾರ ಕೆಲಸ ಇಲ್ಲ. ಎಡಗೈಯಲ್ಲಿ ಹಲ್ಲು ಕೀಳುತ್ತೇನೆ ಎಂದರೆ ಯಾರೂ ಬಾಯಿ ತೆರೆಯುತ್ತಿಲ್ಲ ಎಂದು ನಕ್ಕರು. ನಾನೂ ನಕ್ಕೆ. ಆಮೇಲೆ ದನಿ ತಗ್ಗಿಸಿದರು.

"ನಿಮ್ಮ ಅಕ್ಕನಿಗೆ ಹೇಳ್ಬೇಡಿ. ಅವರಂದ್ರೆ ನನಗೆ ಪ್ರಾಣ. ಆದ್ರೆ ಇನ್ನು ಅವರ ಜೊತೆ ಹೋಗೋಕೆ ಧೈರ್ಯ ಇಲ್ಲ. ಅವತ್ತು ತಿರುಗಿ ನೋಡ್ದೆ. ಹಿಡಿ ಅವರ ಕೈಯಲ್ಲಿ ಜೋಲಾಡ್ತಿತ್ತು. ವಯಸ್ಸಾಯ್ತು, ಅಲ್ವಾ?"

"ಹೌದು ಡಾಕ್ಟ್ರೇ" ಎಂದೆ.

ಹೌದು ಎಂದೆ. ಸುಮ್ಮನಿರಬಹುದಿತ್ತು, ಕೆಮ್ಮಬಹುದಿತ್ತು, ಡ್ರಿಲ್ ಹಾಕಬಹುದಿತ್ತು. ಹೌದು, ವಯಸ್ಸಾಯ್ತು ಎಂದು ನನ್ನ ಬಾಯಾರೆ ಹೇಳಿದೆ.

ಥೂ.

ಏಪ್ರಿಲ್ 2, ಬುಧವಾರ

ಅಕ್ಕನ ಮನೆಗೆ ಹೋಗಿದ್ದೆ. ಭಾವ ಹೋದ ಮೇಲೆ ಇಬ್ಬರು ಬಾಡಿಗೆಯವರನ್ನು ಇಟ್ಟುಕೊಂಡು ಗಲಗಲ ಎನ್ನುತ್ತಿದ್ದ ಮನೆ. ಇವತ್ತು ಟಿವಿ ಸದ್ದು ಕೂಡ ಇಲ್ಲ. ಟೀ ತಂದಳು. ಒಂದೊಂದೇ ಕಪ್, ಎರಡೂ ಕೈಯಲ್ಲಿ ಹಿಡಿದು. ತಟ್ಟೆಯಲ್ಲಿ ಇಟ್ಟು ತರುತ್ತಿಲ್ಲವಂತೆ. ಯಾವಾಗ ಕೈ ಬಿಡುತ್ತದೋ ಹೇಳಲು ಬರುವುದಿಲ್ಲ ಎಂದಳು. ಸೋಫಾದ ಮೇಲೆ ಒಂದು ರಬ್ಬರ್ ಚೆಂಡು. ಬೆಳಗ್ಗೆ ನೂರು ಸಲ, ಸಂಜೆ ನೂರು ಸಲ ಹಿಚುಕುತ್ತಾಳೆ.

"ಅಮ್ಮನಿಗೂ ಕೈಯಿಂದಲೇ ಶುರುವಾಗಿದ್ದು. ನೆನಪಿದೆಯಾ? ಮೊದ್ಲು ಚಮಚ ಬಿತ್ತು. ಆಮೇಲೆ ಲೋಟ."

ನೆನಪಿದೆ. ಒಂದು ವರ್ಷದಲ್ಲಿ ಅಮ್ಮನಿಗೆ ಬಟ್ಟೆಯ ಗುಂಡಿ ಹಾಕಿಕೊಳ್ಳಲು ಆಗುತ್ತಿರಲಿಲ್ಲ. ಮೂರನೇ ವರ್ಷ ಮಾತು ಹೋಯಿತು. ನೋಡಿಕೊಂಡವಳು ಅಕ್ಕ. ಅದೆಲ್ಲ ಎಲ್ಲಿಗೆ ಮುಟ್ಟುತ್ತದೆ ಎಂದು ಅವಳಿಗೆ ಪುಟ ಪುಟವೂ ಗೊತ್ತು.

ಕಾರ್ಯದರ್ಶಿ ಫೋನ್ ಮಾಡಿದ್ದರಂತೆ. ಹೊಸಬರಿಗೆ ಕಲಿಸಲು ಬೇರೆಯವರನ್ನು ನೋಡಿದ್ದಾರೆ. ಅಕ್ಕ ಬೇಕಾದರೆ ದಡದಲ್ಲಿ ಕೂತು ರಿಜಿಸ್ಟರ್ ಬರೆಯಬಹುದು. "ಅವರದ್ದೇನೂ ತಪ್ಪಿಲ್ಲ. ನಾನಾದ್ರೂ ಹಾಗೇ ಮಾಡ್ತಿದ್ದೆ" ಎಂದಳು. ಬಾಯಿಗೆ ಬಂದ ಮಾತನ್ನು ಟೀ ಜೊತೆ ನುಂಗಿದೆ. ಸಕ್ಕರೆ ಜಾಸ್ತಿ ಆಗಿದೆ ಎಂದೆ. ಅಷ್ಟೇ ಹೇಳಿದ್ದು.

ಏಪ್ರಿಲ್ 8, ಮಂಗಳವಾರ

ಆಸ್ಪತ್ರೆ. ನರದ ಟೆಸ್ಟ್. ನೀನೇ ಬಾ ಎಂದಿದ್ದಳು, ಬಾಡಿಗೆಯವರ ಜೊತೆ ಹೋಗಲು ಅವಳಿಗೆ ಮುಜುಗರ.

ಗೋಡೆಗೆ ಹಸಿರು ಬಣ್ಣ, ಎರಡು ಕುರ್ಚಿ, ಒಂದು ಮಂಚ. ಬಾಗಿಲಿನ ಕೆಳ ಹಿಂಜ್‌ನಲ್ಲಿ ಒಂದು ಸ್ಕ್ರೂ ಇಲ್ಲ. ನನ್ನ ಕಣ್ಣು ಬೇರೆಲ್ಲೂ ಹೋಗಲಿಲ್ಲ. ಅವಳ ಬೆರಳಿಂದ ಮೊಣಕೈವರೆಗೆ ತಂತಿ ಅಂಟಿಸಿ ಕರೆಂಟ್ ಕೊಟ್ಟರು. ಕೈ ತಾನಾಗಿ ಎಗರುತ್ತಿತ್ತು. ಆಮೇಲೆ ಸೂಜಿ, ಮಾಂಸದೊಳಗೆ, ಐದು ಕಡೆ. ಅಕ್ಕ ಹಲ್ಲು ಕಚ್ಚಿ ಮೇಲ್ಛಾವಣಿ ನೋಡುತ್ತಿದ್ದಳು. ನಾನು ಅವಳ ಬ್ಯಾಗ್ ಎದೆಗೆ ಅವುಚಿಕೊಂಡು ಕೂತಿದ್ದೆ. ಮೂರನೇ ಸೂಜಿಗೆ ನನ್ನ ಕೈ ಹುಡುಕಿ ಹಿಡಿದಳು. ಹಿಡಿತ ಎಷ್ಟು ಬಿಗಿ ಎಂದರೆ ನನ್ನ ಉಂಗುರದ ಗುರುತು ಇನ್ನೂ ಇದೆ.

ಡಾಕ್ಟರ್ ಕಾಗದ ನೋಡಿ, "ಕೈಗೆ ಏನೂ ಆಗಿಲ್ಲಮ್ಮ, ಇಪ್ಪತ್ತರ ಹುಡುಗಿಯ ಕೈ" ಎಂದರು. ಸದ್ಯ ಎಂದುಕೊಂಡೆ. ತೊಂದರೆ ಇಲ್ಲ ಎಂದು ತಿಳಿದರೆ ಅವಳಿಗೆ ಸಮಾಧಾನವಾಗುತ್ತದೆ, ನಾನು ಬಾಯಿ ಬಿಡುವ ಅಗತ್ಯವೇ ಬರುವುದಿಲ್ಲ. ಹೌದು, ಅಷ್ಟು ಕೀಳಾಗಿ ಯೋಚಿಸಿದೆ.

ಕಾರಿನಲ್ಲಿ ಅವಳು ಆ ಕಾಗದವನ್ನು ಬಿಚ್ಚಿ ಓದಿದಳು. ಆಮೇಲೆ, "ಕೈ ಅಲ್ಲ ಅಂದ್ರೆ ತಲೆ" ಎಂದಳು. ಹತ್ತೊಂಬತ್ತಕ್ಕೆ ತಲೆಯ ಸ್ಕ್ಯಾನ್‌ಗೆ ಬರೆಸಿದ್ದಾಳೆ.

ಇಳಿಯುವಾಗ ಹೇಳಿದಳು: "ನೀನಿದ್ದೀಯಲ್ಲ, ಸಾಕು."

ಏಪ್ರಿಲ್ 13, ಭಾನುವಾರ

ಈ ವಾರ ದೋಣಿಯ ಕೆಲಸ ಬಿಟ್ಟು ಬೇರೆ ಕೆಲಸ ಮಾಡಿಲ್ಲ. ಚೌಕ ಕತ್ತರಿಸಿದ ಜಾಗಕ್ಕೆ ಹೊಸ ಹಲಗೆ, ಒಳಗಿನಿಂದ ಇನ್ನೊಂದು ಹಲಗೆಯ ಬೆನ್ನು. ಎಪಾಕ್ಸಿ ತುಂಬಿ ಪೂರಾ ಮೂರು ದಿನ ಬಿಟ್ಟೆ. ಮುಟ್ಟಲಿಲ್ಲ. ಇವತ್ತು ತೂತು ಹೊಡೆದೆ. ಗಾಳಿಪೆಟ್ಟಿಗೆಯ ಮುಚ್ಚಳ ತೆಗೆದು ತೋಳು ತೂರಿಸಿ, ಕೆನ್ನೆ ಮರಕ್ಕೆ ಒತ್ತಿ, ಕಾಣದ ಜಾಗದಲ್ಲಿ ಬೆರಳ ತುದಿಯಲ್ಲಿ ನಟ್ ಹುಡುಕಿದೆ. ನಾಲ್ಕು ಬೋಲ್ಟಿಗೆ ಎರಡು ಗಂಟೆ ಹತ್ತು ನಿಮಿಷ. ಮೊಣಕೈ ತರಚಿದೆ. ಎರಡು ಗಂಟೆ ಹತ್ತು ನಿಮಿಷದ ಕೆಲಸ ಅದು. ಇಷ್ಟಕ್ಕೆ.

ಕೊಲ್ಲಿಯ ತಳದಿಂದ ಚುಕ್ಕಾಣಿಯನ್ನು ಮೇಷ್ಟ್ರು ಎತ್ತಿಸಿ ಕಳಿಸಿದ್ದರು. ನಾನು ಕೂಡಿಸಿದ ತುಂಡು ಬಿಟ್ಟಿಲ್ಲ. ವಾರ್ನಿಶ್ ಹಾಗೇ ಹೊಳೆಯುತ್ತಿದೆ. ನೋಡಿ ಹೇಸಿಗೆಯಾಯಿತು. ಉಪ್ಪುಕಾಗದ ತೆಗೆದುಕೊಂಡು ಹೊಳಪು ಸಾಯುವವರೆಗೆ ಉಜ್ಜಿದೆ.

ಏಪ್ರಿಲ್ 17, ಗುರುವಾರ, ಸಂಜೆ

ಹೇಳಿದೆ.

ಹೇಗೆಂದು ಬರೆಯಬೇಕು. ಈಗ ಬರೆಯದಿದ್ದರೆ ನಾಳೆಯೊಳಗೆ ನನಗೆ ಅನುಕೂಲವಾಗುವ ಹಾಗೆ ಬದಲಾಯಿಸಿಕೊಂಡುಬಿಡುತ್ತೇನೆ.

ನಾಲ್ಕು ಗಂಟೆಗೆ ಅಕ್ಕ ಅಂಗಡಿಗೆ ಬಂದಳು, ಕೈಯಲ್ಲಿ ಕಾಗದ. "ಸಂಘಕ್ಕೆ ಬರೆದಿದ್ದೀನಿ. ತಪ್ಪಿದ್ರೆ ನೋಡು." ಬೆಂಚಿನ ಮೇಲಿನ ಹೊಟ್ಟು ಸರಿಸಿ ಇಟ್ಟಳು. ಓದಿದೆ: ನನ್ನ ಕೈಯನ್ನು ನಾನೇ ನಂಬುವ ಹಾಗಿಲ್ಲದ ಕಾರಣ ದೋಣಿಯನ್ನು ಸಂಘಕ್ಕೆ ಬಿಟ್ಟುಕೊಡುತ್ತಿದ್ದೇನೆ, ಸದಸ್ಯತ್ವವನ್ನೂ ಬಿಡುತ್ತಿದ್ದೇನೆ. ಹೀಗೆ ಆರು ಸಾಲು. "ನಂಬುವ ಹಾಗಿಲ್ಲ ಅಂದ್ರೆ ಸಾಕಾ? ಇನ್ನೂ ಬಿಡಿಸಿ ಬರೀಬೇಕಾ?"

ಹಿಂದಕ್ಕೆ ಹೋಗಿ ಹಲಗೆಗಳ ಸಂದಿಯಿಂದ ಆ ಚೌಕ ತಂದೆ. ಕಾಗದದ ಮೇಲಿಟ್ಟೆ.

"ಏನಿದು?"

"ನಿನ್ನ ದೋಣಿದು. ಕೆಳಗಿನ ಬಳೆ ಇದ್ದ ಜಾಗ."

ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದಳು. "ಬೆಂಕಿಕಡ್ಡಿ ಯಾಕಿದೆ?"

"ನಾನು ತುರುಕಿದ್ದು. ತೂತು ಅಗಲ ಆಗಿತ್ತು. ಎಪಾಕ್ಸಿಗೆ ಟೈಮ್ ಇರ್ಲಿಲ್ಲ. ಟೈಮ್ ಇತ್ತು, ನಾನು ಮಾಡ್ಲಿಲ್ಲ."

ಅವಳಿಗೆ ದೋಣಿ ಗೊತ್ತು. ಮುಂದಿನದನ್ನು ನಾನು ಹೇಳಬೇಕಾಗಲಿಲ್ಲ.

"ಅಂದ್ರೆ... ಇದು ಮೊದ್ಲೇ ಕಿತ್ತು ಬಂತಾ? ಕಲ್ಲಿಗೆ ಬಡಿಯೋ ಮೊದ್ಲೇ?"

"ಹೌದು."

"ಹಿಡಿ ಹಗುರ ಆಗಿದ್ದು ಅದಕ್ಕಾ?"

"ಹೌದು."

"ನನ್ನ ಕೈ ಅಲ್ಲ?"

"ಅಲ್ಲ ಅಕ್ಕ. ನಿನ್ನ ಕೈ ಅಲ್ಲ, ತಲೆನೂ ಅಲ್ಲ."

ಬಲಗೈ ಎತ್ತಿ ನೋಡಿಕೊಂಡಳು. ಮುಷ್ಟಿ ಹಿಡಿದಳು, ಬಿಟ್ಟಳು. ನಕ್ಕಳು. ಬೈಯುತ್ತಾಳೆ, ಹೊಡೆಯುತ್ತಾಳೆ, ಅಳುತ್ತಾಳೆ ಎಂದೆಲ್ಲ ತಿಂಗಳಿಂದ ಲೆಕ್ಕ ಹಾಕಿದ್ದೆ. ನಗು ಆ ಲೆಕ್ಕದಲ್ಲೇ ಇರಲಿಲ್ಲ. ನನ್ನ ಎರಡೂ ಹೆಗಲು ಹಿಡಿದು ಅಲ್ಲಾಡಿಸಿದಳು. "ನನ್ನ ಕೈ ಅಲ್ವಂತೆ ಕಣೋ!" ಎಂದಳು, ಹೊಸ ಸುದ್ದಿಯನ್ನು ನನಗೇ ತಿಳಿಸುವ ಹಾಗೆ. ಕಣ್ಣಲ್ಲಿ ನೀರು. "ಅಮ್ಮನ ಹಾಗೆ ಅಲ್ಲ! ನಾನು ಏನೇನೆಲ್ಲ ಅಂದ್ಕೊಂಡುಬಿಟ್ಟಿದ್ದೆ..." ನಾನೂ ನಕ್ಕೆ. ನಾಚಿಕೆಗೆಟ್ಟವನು, ಅವಳ ಜೊತೆ ಸೇರಿಕೊಂಡು ನಾನೂ ನಕ್ಕೆ. ಪಾರಾದೆ ಎಂದೇ ತಿಳಿದೆ.

ನಗು ಅರ್ಧಕ್ಕೆ ನಿಂತಿತು. ಹೆಗಲ ಮೇಲಿಂದ ಕೈ ತೆಗೆದಳು.

"ನಿನಗೆ ಯಾವತ್ತು ಗೊತ್ತಾಯ್ತು?"

ಇವತ್ತು ಎನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು.

"ಅವತ್ತೇ. ನೀನು ಮೆಟ್ಟಿಲ ಮೇಲೆ ಕೂತಿದ್ದಾಗ್ಲೇ."

"ಒಂದು ತಿಂಗಳು."

"ಹೂಂ."

"ಆಸ್ಪತ್ರೆಗೆ ಬಂದಿದ್ಯಲ್ಲ."

ಬೆಂಚಿನ ಮೇಲಿನ ಹೊಟ್ಟನ್ನು ಕೈಯಿಂದ ಗುಡ್ಡೆ ಮಾಡಿದೆ.

"ಸೂಜಿ ಚುಚ್ಚೋವಾಗ ಪಕ್ಕದಲ್ಲೇ ಕೂತಿದ್ದೆ. ನಿನ್ನ ಕೈ ಹಿಡ್ಕೊಂಡಿದ್ದೆ ನಾನು."

ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿ ಅರ್ಥವಾಗದೆ ಕೇಳಿದಳು, ಇದು ಹೇಗೆ ಸಾಧ್ಯ ಎಂದು. ಅವಳು ಚೌಕವನ್ನು ಪಕ್ಕಕ್ಕೆ ಸರಿಸಿ ಕಾಗದ ತೆಗೆದು ಮಡಿಸಿ ಬ್ಯಾಗಿಗೆ ಹಾಕಿದಳು. ಬಾಗಿಲ ಹತ್ತಿರ ನಿಂತಳು.

"ಸಂಘದವರಿಗೆ ನೀನೇ ಹೇಳು. ಡಾಕ್ಟ್ರಿಗೂ. ನಾನು ಹೇಳಲ್ಲ."

ಏಪ್ರಿಲ್ 19, ಶನಿವಾರ

ಅಕ್ಕ ಸ್ಕ್ಯಾನ್ ರದ್ದು ಮಾಡಿದ್ದಾಳೆ. ಇವಳು ಹೇಳಿದ್ದು. ಇವಳಿಗೆ ಅಕ್ಕ ಫೋನ್ ಮಾಡುತ್ತಾಳೆ, ನನ್ನ ಫೋನ್ ಎತ್ತುವುದಿಲ್ಲ.

ಇವಳು ಇನ್ನೂ ಏನಾದರೂ ಹೇಳುತ್ತಾಳೆ ಎಂದು ಕಾದೆ. ತಟ್ಟೆ ಮುಂದಿಟ್ಟು, "ತಿನ್ನಿ" ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ನನಗಾದ್ರೂ ಹೇಳ್ಬಾರ್ದಿತ್ತಾ ರೀ" ಎಂದಳು. ಹೇಳಬಹುದಿತ್ತು. ಹೇಳಿದ್ದರೆ ಅವತ್ತೇ ಎಳೆದುಕೊಂಡು ಅಕ್ಕನ ಮನೆಗೆ ಹೋಗುತ್ತಿದ್ದಳು. ಅದಕ್ಕೇ ಹೇಳಲಿಲ್ಲ.

ಏಪ್ರಿಲ್ 22, ಮಂಗಳವಾರ

ಕ್ಲಿನಿಕ್‌ಗೆ ಹೋಗಿ ಹೇಳಿದೆ. ನಿಂತೇ ಹೇಳಿದೆ, ಕೂರಿ ಎಂದರೂ ಕೂರಲಿಲ್ಲ. ವಯಸ್ಸಾಯ್ತು ಅಂದಾಗ ಹೌದು ಅಂದದ್ದೂ ಸುಳ್ಳು ಎಂದೆ. ದಂತವೈದ್ಯೆ ಪ್ಲಾಸ್ಟರ್ ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೇಳಿಸಿಕೊಂಡರು. ಮುಖದಲ್ಲಿ ಏನೂ ಕಾಣಲಿಲ್ಲ.

ಕೊನೆಗೆ ತಲೆ ಎತ್ತಿ ಮೇಲೆ ನೋಡಿದರು. ಪೇಷಂಟ್ ಕುರ್ಚಿಯ ಮೇಲಿನ ನನ್ನ ಕಪಾಟು.

"ಇದನ್ನ ಹೇಗೆ ಕೂರ್ಸಿದ್ದೀರಿ?"

ಸರಿಯಾಗಿಯೇ ಕೂರಿಸಿದ್ದೇನೆ. ಆದರೆ ಸರಿಯಾಗಿದೆ ಎಂದು ನನ್ನ ಬಾಯಲ್ಲಿ ಹೇಳಿದರೆ ಏನು ಬಂತು? ಏಣಿ ತಂದೆ. ಒಳಗಿದ್ದ ಡಬ್ಬಗಳನ್ನೆಲ್ಲ ಇಳಿಸಿದೆ. ಆರು ಬೋಲ್ಟನ್ನೂ ಒಂದೊಂದಾಗಿ ಬಿಚ್ಚಿ ಅವರ ಎಡಗೈಗೆ ಕೊಟ್ಟೆ, ತೂತಿಗೆ ಟಾರ್ಚ್ ಬಿಟ್ಟು ತೋರಿಸಿದೆ, ಮತ್ತೆ ಹಾಕಿದೆ. ಅವರು ಆರನ್ನೂ ನೋಡಿದರು. ಒಂದನ್ನೂ ಬಿಡಲಿಲ್ಲ. ಹೊರಗೆ ಮಾತ್ರೆ ಬರೆಸಲು ಬಂದ ಇಬ್ಬರು ಪೇಷಂಟ್ ಕೂತು ಗಾಜಿನಿಂದ ನೋಡುತ್ತಿದ್ದರು. ಬೆನ್ನು ಬೆವೆತು ಅಂಗಿ ಅಂಟಿಕೊಂಡಿತು.

ಏಪ್ರಿಲ್ 24, ಗುರುವಾರ

ದೋಣಿಯನ್ನು ದೋಣಿಮನೆಗೆ ಮುಟ್ಟಿಸಿ, ಸಂಘಕ್ಕೆ ಕಾಗದ ಕೊಟ್ಟೆ. 'ತಾಂತ್ರಿಕ ದೋಷ' ಎಂದು ಮೊದಲು ಬರೆದಿದ್ದೆ. ಹೊಡೆದು ಹಾಕಿ 'ನನ್ನ ತಪ್ಪು' ಎಂದು ಬರೆದೆ. ಕಾರ್ಯದರ್ಶಿ ಎರಡು ಸಲ ಓದಿದರು. ನೋಟಿಸ್ ಬೋರ್ಡಿಗೆ ಹಾಕಬೇಕಾಗುತ್ತದೆ, ಪರವಾಗಿಲ್ಲವಾ ಎಂದರು. ಹಾಕಿ ಎಂದೆ. ಈ ಸಲ ಹೆಗಲ ಮೇಲೆ ಕೈಯಿಡಲಿಲ್ಲ.

ಕಲಿಸುವ ಕೆಲಸ ಅಕ್ಕನಿಗೇ ವಾಪಸ್. ಭಾನುವಾರ ಒಂದು ಸುತ್ತು ಹೋಗಿ ಬಂದು ಆಮೇಲೆ ಹೂಂ ಅನ್ನುತ್ತೇನೆ ಎಂದಿದ್ದಾಳಂತೆ.

ಏಪ್ರಿಲ್ 27, ಭಾನುವಾರ, ಬೆಳಗ್ಗೆ 9.40

ದೋಣಿಮನೆಯ ಹೊರಗೆ, ಕಲ್ಲಿನ ಮೇಲೆ ಕೂತು ಬರೆಯುತ್ತಿದ್ದೇನೆ. ಸ್ಪ್ಯಾನರ್ ತಂದಿದ್ದೆ. ಅವಳು ಬೋಲ್ಟ್ ನೋಡಬೇಕೆಂದರೆ ಬಿಚ್ಚಿ ತೋರಿಸೋಣ, ದಂತವೈದ್ಯೆಗೆ ತೋರಿಸಿದ ಹಾಗೆ. ಗಾಳಿಪೆಟ್ಟಿಗೆಯ ಮುಚ್ಚಳ ಮೊದಲೇ ಸಡಿಲ ಮಾಡಿಟ್ಟಿದ್ದೆ. ಟಾರ್ಚ್ ಕೂಡ ಇತ್ತು.

ಒಬ್ಬಳೇ ಬಂದಳು. ನನ್ನ ಕಡೆ ನೋಡಲಿಲ್ಲ. ಮುಚ್ಚಳ ಬಿಗಿ ಮಾಡಿದಳು. ಚುಕ್ಕಾಣಿ ಎತ್ತಿ ಗೂಟಗಳನ್ನು ಬಳೆಗಳೊಳಗೆ ಇಳಿಸಿದಳು. ಕೆಳಗಿನ ಬಳೆಯನ್ನು ಅಲ್ಲಾಡಿಸಿಯೂ ನೋಡಲಿಲ್ಲ. ಒಂದು ಸಲ ಎಳೆದು ನೋಡಬಾರದಿತ್ತೇ? ಬೋಲ್ಟ್ ಹಾಕಿದ್ದೀಯಾ ಎಂದು ಕೇಳಬಾರದಿತ್ತೇ? ಏನೂ ಕೇಳದೆ ದೋಣಿ ನೂಕಿ ಹತ್ತಿ ಕೂತಳು. ದಂತವೈದ್ಯೆಯ ಮುಂದೆ ಆರು ಬೋಲ್ಟ್ ಬಿಚ್ಚಿದಾಗಲೂ ನನಗೆ ಇಷ್ಟು ನಾಚಿಕೆಯಾಗಿರಲಿಲ್ಲ.

ಗಾಳಿ ಅವತ್ತಿಗಿಂತ ಜೋರು. ನೇರ ಅಲೆತಡೆ ಗೋಡೆಯ ಕಡೆಗೇ ಹೋದಳು. ಸುತ್ತು ಬಳಸಿ ಹೋಗಬಹುದಿತ್ತು. ಎದ್ದು ನಿಂತೆ. ಕಲ್ಲಿಗೆ ಹತ್ತು ಮಾರು ಇರುವಾಗ ದೋಣಿ ತಿರುಗಿತು. ಚೆನ್ನಾಗಿ ತಿರುಗಿತು. ಮತ್ತೆ ಹೋದಳು, ಮತ್ತೆ ತಿರುಗಿಸಿದಳು. ಅಲ್ಲಿಗೇ ನಾಲ್ಕು ಸಲ. ಬಲಗೈಯಲ್ಲೇ.

ಈಗ ವಾಪಸ್ ಬರುತ್ತಿದ್ದಾಳೆ. ಹಾಯಿ ಇಳಿಸಿದ್ದಾಳೆ. ಮುಂದಿನ ಹಗ್ಗ ಹಿಡಿದು ಎಳೆದುಕೊಳ್ಳಲು ದಡದಲ್ಲಿ ಒಬ್ಬರು ಬೇಕು. ಮೇಷ್ಟ್ರು ಒಳಗೆ ಕೂತು ಗಂಟು ಬಿಚ್ಚುತ್ತಿದ್ದಾರೆ, ಕೂಗಿದೆ, ಏಳುತ್ತಿಲ್ಲ. ಕೇಳಿಸಿದೆ ಅವರಿಗೆ. ಬೇರೆ ಯಾರೂ ಇಲ್ಲ. ಅಕ್ಕ ಎದ್ದು ನಿಂತಿದ್ದಾಳೆ, ಹಗ್ಗ ಕೈಯಲ್ಲಿದೆ, ದಡ ನೋಡುತ್ತಿದ್ದಾಳೆ. ನಾನು ಹೋದರೆ ಎಸೆಯುತ್ತಾಳೋ ಇಲ್ಲ—